ವೇಗಸ್ ಸಭೆಯ ಎರಡು ಹಾಳೆಗಳು

ನಾನು ದಾವಣಗೆರೆಯವಳು. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಪ್ರಯೋಗಾಲಯದ ಉಪಕರಣಗಳನ್ನು ತಯಾರಿಸುವ ಒಂದು ಕಂಪನಿಗೆ ಸಭೆ, ಸಮಾವೇಶ ಏರ್ಪಡಿಸಿಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷ ಆಗುತ್ತ ಬಂತು. ಮೊದಲ ಸಲ ಈ ಕೆಲಸದ ಬಗ್ಗೆ ಹೇಳಿದಾಗ ಅಮ್ಮ, "ಮದುವೆ ಕಂಟ್ರಾಕ್ಟರ್ ಹಾಗೇನೇ?" ಎಂದು ಕೇಳಿದ್ದಳು. ಹೆಚ್ಚುಕಡಿಮೆ ಹಾಗೆಯೇ, ಗಂಡು-ಹೆಣ್ಣು ಇರುವುದಿಲ್ಲ, ನಾನೂರು ಮಂದಿ ಬೀಗರು ಮಾತ್ರ ಇರುತ್ತಾರೆ ಎಂದೆ. ಆ ಬೀಗರನ್ನು ವರ್ಷಕ್ಕೊಮ್ಮೆ ಲಾಸ್ ವೇಗಸ್‌ಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ಫೋನಿನ ಆ ಕಡೆ ಸದ್ದಡಗಿತು. "ಜೂಜಿನ ಊರಿಗಾ?"

ಇದೇ ಪ್ರಶ್ನೆ 2009ರಲ್ಲಿ ನಮ್ಮ ಹಣಕಾಸು ಮುಖ್ಯಸ್ಥರ ಬಾಯಿಂದ ಬಂತು. ಅಮ್ಮನಿಗೆ ಉತ್ತರಿಸದೆ ನುಣುಚಿಕೊಂಡಿದ್ದೆ. ಇವರಿಗೆ ಉತ್ತರಿಸದಿದ್ದರೆ ಕೆಲಸವೇ ಹೋಗುತ್ತಿತ್ತು.

ಆ ಚಳಿಗಾಲದ ಹವಾ ಹೇಗಿತ್ತೆಂದು ಹೇಳಬೇಕು. 2008ರ ಸೆಪ್ಟೆಂಬರಿನಲ್ಲಿ ಮುಳುಗುತ್ತಿದ್ದ ವಿಮಾ ಸಂಸ್ಥೆ ಎಐಜಿಗೆ ಸರ್ಕಾರ 85 ಶತಕೋಟಿ ಡಾಲರ್ ಆಸರೆ ಕೊಟ್ಟಿತು. ವಾರ ಕಳೆಯುವಷ್ಟರಲ್ಲಿ ಅದರ ಅಂಗಸಂಸ್ಥೆಯೊಂದು ಕ್ಯಾಲಿಫೋರ್ನಿಯಾದ ಕಡಲ ದಂಡೆಯ ರೆಸಾರ್ಟ್‌ನಲ್ಲಿ ಏಜೆಂಟರಿಗೆಂದು ನಾಲ್ಕು ಲಕ್ಷ ನಲವತ್ತು ಸಾವಿರ ಡಾಲರ್ ಖರ್ಚು ಮಾಡಿತು; ಅಕ್ಟೋಬರಿನಲ್ಲಿ ಅದು ಬಯಲಾಯಿತು. ದೇಶವಿಡೀ ಉಗಿಯಿತು; ಉಗಿಯಬೇಕಾದದ್ದೇ. ಅಲ್ಲಿಂದ ಮುಂದೆ, ಸರ್ಕಾರದ ಒಂದು ಕಾಸನ್ನೂ ಮುಟ್ಟದ ಕಂಪನಿಗಳು ಕೂಡ ಹೊರಗೆ ಸಭೆ ಮಾಡಲು ಅಂಜತೊಡಗಿದವು. ನಮ್ಮ ಕಸುಬಿನವರು ಇದಕ್ಕೆ 'ಎಐಜಿ ಪರಿಣಾಮ' ಎಂದು ಹೆಸರಿಟ್ಟಿದ್ದರು.

2009ರ ಫೆಬ್ರವರಿ 9ರಂದು ಅಧ್ಯಕ್ಷ ಒಬಾಮ ನಮ್ಮ ನೆರೆಯ ಇಂಡಿಯಾನಾದ ಎಲ್ಕ್‌ಹಾರ್ಟ್ ಎಂಬ ಊರಿನಲ್ಲಿ ಮಾತನಾಡಿದರು. ಒಳಗೇ ಅಡುಗೆ, ಹಾಸಿಗೆ ಎಲ್ಲ ಇರುವ ಪ್ರವಾಸಿ ವಾಹನಗಳನ್ನು ಕಟ್ಟುವ ಊರು ಅದು. ಆಗ ಅಲ್ಲಿ ನಿರುದ್ಯೋಗ ಶೇ 15 ದಾಟಿತ್ತು. ಜನರ ದುಡ್ಡಿನಲ್ಲಿ ಉಸಿರು ಹಿಡಿದಿರುವ ಬ್ಯಾಂಕುಗಳು ತೆರಿಗೆದಾರನ ಕಾಸಿನಲ್ಲಿ ಲಾಸ್ ವೇಗಸ್‌ಗೋ ಸೂಪರ್ ಬೌಲ್ ಪಂದ್ಯಕ್ಕೋ ಹೋಗುವಂತಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಮಾತು ನ್ಯಾಯವಾದದ್ದೇ. ಆದರೆ ಕೇಳಿದವರ ಕಿವಿಯಲ್ಲಿ ಬ್ಯಾಂಕು ಉಳಿಯಲಿಲ್ಲ, ವೇಗಸ್ ಉಳಿಯಿತು. ವೆಲ್ಸ್ ಫಾರ್ಗೊ ಬ್ಯಾಂಕು ಅಷ್ಟರಲ್ಲಾಗಲೇ ತನ್ನ ವೇಗಸ್ ಕಾರ್ಯಕ್ರಮವನ್ನು ಕೈಬಿಟ್ಟಿತ್ತು. ಗೋಲ್ಡ್‌ಮನ್ ಸ್ಯಾಕ್ಸ್ ತನ್ನ ಸಮ್ಮೇಳನವನ್ನು ವೇಗಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸಾಗಿಸಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊಠಡಿ ಅಗ್ಗವೇ ಎಂದು ಯಾರೂ ಕೇಳಲಿಲ್ಲ. ವೇಗಸ್ ಮೇಯರ್ ಆಸ್ಕರ್ ಗುಡ್‌ಮನ್ ಅಧ್ಯಕ್ಷರು ಕ್ಷಮೆ ಕೇಳಬೇಕೆಂದು ಗುಡುಗಿದರು. ಒಂದು ಊರಿನ ನಿರುದ್ಯೋಗಿಗಳ ಎದುರು ಆಡಿದ ಮಾತು ಇನ್ನೊಂದು ಊರಿನವರ ಶಿಫ್ಟುಗಳನ್ನು ಕತ್ತರಿಸುತ್ತಿತ್ತು.

ನಮ್ಮ ಸಭೆ ಏಪ್ರಿಲ್ 19ಕ್ಕೆ ನಿಗದಿಯಾಗಿತ್ತು. ಈಸ್ಟರ್ ಕಳೆದ ಮುಂದಿನ ಭಾನುವಾರ ಸಂಜೆ ಶುರು, ಬುಧವಾರ ಮಧ್ಯಾಹ್ನ ಮುಕ್ತಾಯ. ಮಾರಾಟದವರು, ಸರ್ವಿಸ್ ಎಂಜಿನಿಯರುಗಳು, ವಿತರಕರು ಸೇರಿ 412 ಮಂದಿ. ಒಬಾಮ ಮಾತನಾಡಿದ ಮರುದಿನ ಹಣಕಾಸು ಮುಖ್ಯಸ್ಥರು ಕರೆದು ಎರಡೇ ವಾಕ್ಯ ಹೇಳಿದರು: "ವೇಗಸ್ ರದ್ದು ಮಾಡಿ. ಪತ್ರಿಕೆಯವರು ನಮ್ಮ ಬಾಗಿಲಿಗೆ ಬರುವುದು ನನಗೆ ಬೇಡ."

ಒಂದು ದಿನ ಸಮಯ ಕೇಳಿದೆ. ರಾತ್ರಿ ಕೂತು ಎರಡು ಹಾಳೆ ಬರೆದೆ. ಒಂದರಲ್ಲಿ ನಮ್ಮ ಕಂಪನಿಯ ಲೆಕ್ಕ, ಇನ್ನೊಂದರಲ್ಲಿ ಆ ಊರಿನ ಲೆಕ್ಕ.

ಮೊದಲ ಹಾಳೆಗೆ ಬೇಕಾದ ಸಾಮಗ್ರಿ ಕರಾರುಪತ್ರದಲ್ಲೇ ಇತ್ತು. ಹೋಟೆಲಿನೊಂದಿಗೆ ಸಹಿ ಹಾಕಿದ್ದು 2007ರಲ್ಲಿ, ಎಲ್ಲರ ಜೇಬೂ ತುಂಬಿದ್ದ ಕಾಲದಲ್ಲಿ. ಸಭೆಗೆ 90 ದಿನಕ್ಕಿಂತ ಕಡಿಮೆ ಉಳಿದಾಗ ರದ್ದು ಮಾಡಿದರೆ ಕೊಠಡಿಗಳ ಪೂರ್ತಿ ಬಾಡಿಗೆಯ ಜೊತೆಗೆ ನಾವು ಖರ್ಚು ಮಾಡಲೇಬೇಕೆಂದು ಒಪ್ಪಿದ್ದ ಊಟೋಪಚಾರದ ಕನಿಷ್ಠ ಮೊತ್ತದಲ್ಲಿ ಒಂದು ಪಾಲನ್ನೂ ತೆರಬೇಕು. ನಮಗೆ ಉಳಿದಿದ್ದದ್ದು 68 ದಿನ. ಅಂದರೆ ರದ್ದು ಮಾಡಿದರೂ ಹಣ ಹೋಗುತ್ತದೆ, ಸಭೆಯೂ ಇಲ್ಲ. ಮುಹೂರ್ತ ಮುರಿದರೂ ಛತ್ರದ ಬಾಡಿಗೆ ಕೊಟ್ಟ ಹಾಗೆ.

ಆದರೆ ಅದೇ ಕರಾರಿನಲ್ಲಿ ಒಂದು ಸಂದೂ ಇತ್ತು. ನಮ್ಮ ಕಸುಬಿನಲ್ಲಿ ಅದನ್ನು ಅಟ್ರಿಷನ್ ಎನ್ನುತ್ತಾರೆ. ಕಾದಿರಿಸಿದ ಕೊಠಡಿಗಳಲ್ಲಿ ಇಷ್ಟು ಪಾಲು ತುಂಬಿಸಿದರೆ ದಂಡವಿಲ್ಲ ಎಂಬ ಷರತ್ತು. ನಮಗೆ ಅದು ಶೇ 80. 412 ಮಂದಿ, ಮೂರು ರಾತ್ರಿ, ಒಟ್ಟು 1,236 ಕೊಠಡಿ-ರಾತ್ರಿಗಳು. ಅದರ ಶೇ 80 ಎಂದರೆ 989. ನಾನು 340 ಮಂದಿಯ ಪಟ್ಟಿ ಮಾಡಿದೆ: 1,020. ದಂಡದ ಗೆರೆಗಿಂತ ಒಂದಿಷ್ಟು ಮೇಲೆ ನಿಂತೆ. ಕತ್ತರಿ ಎಲ್ಲಿಯವರೆಗೆ ಹೋಗಬಹುದೆಂದು ಕರಾರೇ ಹೇಳುತ್ತಿತ್ತು.

ಕೈಬಿಟ್ಟ 72 ಮಂದಿ ಯಾರು? ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವರಲ್ಲಿ ಹೆಚ್ಚಿನವರು ಪ್ರಧಾನ ಕಚೇರಿಯ ಮಂದಿ. ಪ್ರತಿ ವರ್ಷ ಬಂದು, ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲ್ ನೋಡಿ ಹೋಗುವವರು. ಅವರನ್ನು ಮೊದಲೇ ಬಿಡಬಹುದಿತ್ತು, ನಾನು ಬಿಟ್ಟಿರಲಿಲ್ಲ. ಗಾಲ್ಫ್ ಆಟ ಹೋಯಿತು. ಒಂದು ಸಂಜೆಯ ಪ್ರದರ್ಶನದ ಟಿಕೆಟ್ ಹೋಯಿತು. ಕಂಪನಿಯ ಲಾಂಛನವನ್ನು ಮಂಜುಗಡ್ಡೆಯಲ್ಲಿ ಕಡೆದು ಸ್ವಾಗತಕೂಟದ ನಡುವೆ ನಿಲ್ಲಿಸುತ್ತಿದ್ದೆವು, ಅದೂ ಹೋಯಿತು. ಮೂರು ವರ್ಷ ಆ ಮಂಜುಗಡ್ಡೆಗೆ ದುಡ್ಡು ಸುರಿದವಳು ನಾನೇ. ಕರಗಿದ್ದು ಬಿಟ್ಟರೆ ಅದರಿಂದ ಬೇರೇನೂ ಆದದ್ದಿಲ್ಲ.

ಉಳಿದದ್ದು ಕೆಲಸದ ಭಾಗ. ಹೊಸ ಯಂತ್ರವನ್ನು ಬಿಚ್ಚಿ ಜೋಡಿಸುವ ತರಬೇತಿ ಎರಡು ದಿನ ಇತ್ತು. ಪರದೆಯ ಮೇಲೆ ನೋಡಿ ಕಲಿತ ಎಂಜಿನಿಯರ್ ಆಸ್ಪತ್ರೆಯ ಲ್ಯಾಬಿನಲ್ಲಿ ನಿಂತು ಫೋನ್ ಮಾಡುತ್ತಾನೆ; ಕೈಯಲ್ಲಿ ಬಿಚ್ಚಿ ಕಲಿತವನು ಫೋನ್ ಮಾಡುವುದಿಲ್ಲ. ಹಿಂದಿನ ವರ್ಷ ಬಂದವರು ಮತ್ತು ಬಾರದವರು ಎರಡನೇ ಸಲ ರಿಪೇರಿಗೆ ಹೋಗಬೇಕಾಗಿ ಬಂದದ್ದು ಎಷ್ಟು ಸಲ ಎಂದು ಸರ್ವಿಸ್ ವಿಭಾಗದಿಂದ ತರಿಸಿಕೊಂಡು ಸೇರಿಸಿದೆ. ಮುಖ್ಯಸ್ಥರು ಆ ಪಟ್ಟಿಯ ಮೇಲೆಯೇ ಬಹಳ ಹೊತ್ತು ಕಣ್ಣಿಟ್ಟಿದ್ದರು.

"ನಮ್ಮ ಊರಿನಲ್ಲೇ ಮಾಡಿದರೆ?" ಎಂದು ಕೇಳುತ್ತಾರೆಂದು ಗೊತ್ತಿತ್ತು. 340 ಮಂದಿ ಯಾವ ಯಾವ ಊರಿನಿಂದ ಹೊರಡುತ್ತಾರೆ, ಎಲ್ಲಿಗೆ ನೇರ ವಿಮಾನವಿದೆ ಎಂದು ಒಂದು ಕೋಷ್ಟಕ ಹಾಕಿದ್ದೆ. ನಮ್ಮ ಊರಿಗೆ ಬರಬೇಕಾದರೆ ಮುಕ್ಕಾಲು ಪಾಲು ಜನ ನಡುವೆ ವಿಮಾನ ಬದಲಿಸಬೇಕು, ನಾಲ್ಕು ಹೋಟೆಲುಗಳಲ್ಲಿ ಹಂಚಿಕೊಳ್ಳಬೇಕು, ಬೆಳಿಗ್ಗೆ-ಸಂಜೆ ಬಸ್ ಓಡಿಸಬೇಕು. ವೇಗಸ್‌ನಲ್ಲಿ ವಿಮಾನ ನಿಲ್ದಾಣವು ಹೋಟೆಲುಗಳ ಸಾಲಿಗೆ ಹದಿನೈದು ನಿಮಿಷದ ದಾರಿ. ಮಲಗುವ ಕೋಣೆ, ಸಭಾಂಗಣ, ಊಟ ಎಲ್ಲ ಒಂದೇ ಸೂರಿನಡಿ. ಮೇಲಾಗಿ ಭಾನುವಾರ ರಾತ್ರಿಯಿಂದ ಬುಧವಾರದವರೆಗೆ ಅಲ್ಲಿ ಬಾಡಿಗೆ ಇಳಿದಿರುತ್ತದೆ. ಜೂಜಾಡುವವನು ಬರುವುದು ಶುಕ್ರವಾರ. ಅವನಿಗಾಗಿ ಕಟ್ಟಿದ ಸಾವಿರಾರು ಕೊಠಡಿಗಳು ಸೋಮವಾರ ಆಕಳಿಸುತ್ತಿರುತ್ತವೆ; ನಾವು ಆ ಆಕಳಿಕೆಯನ್ನು ಅಗ್ಗದಲ್ಲಿ ಕೊಳ್ಳುತ್ತೇವೆ.

ಮೊದಲ ಹಾಳೆಯನ್ನು ಅವರು ಎರಡು ಸಲ ಓದಿ ಒಪ್ಪಿದರು. ಎರಡನೆಯದನ್ನು ಒಂದು ಸಲ ಓದಿ, ಮಡಚಿ, ನನ್ನ ಕಡೆಗೆ ಸರಿಸಿದರು. "ಇದು ನಿಜವಿರಬಹುದು. ಆದರೆ ನಾವು ಖರ್ಚು ಮಾಡಲು ಇದು ಕಾರಣವಲ್ಲ. ನಾವು ಧರ್ಮಛತ್ರ ನಡೆಸುತ್ತಿಲ್ಲ."

ಕೋಪ ಬಂತು. ವಿಮಾನದಲ್ಲಿ ಕುಳಿತಾಗಲೂ ಇಳಿದಿರಲಿಲ್ಲ. ಆಮೇಲೆ ಯೋಚಿಸಿದರೆ ಅವರು ಹೇಳಿದ್ದೇ ಸರಿ. ಕಂಪನಿ ಪ್ರಯಾಣ ಮಾಡಬೇಕಾದದ್ದು ತನ್ನ ಕೆಲಸಕ್ಕೆ. ಅದರಿಂದ ಒಂದು ಊರು ಬದುಕುತ್ತದೆ ಎಂಬುದು ಬೇರೆ ಮಾತು, ಬೇರೆಯವರಿಗೆ ಹೇಳಬೇಕಾದ ಮಾತು. ನಮ್ಮ ಉದ್ಯಮ ಆ ವರ್ಷ ಎರಡನ್ನೂ ಕಲಸಿ ಒಂದೇ ತಟ್ಟೆಯಲ್ಲಿ ಬಡಿಸಿತು. ಕಂಪನಿಗಳ ಮುಂದೆ ನಿಂತು ಕೆಲಸಗಾರರ ಕಣ್ಣೀರು ತೋರಿಸಿದರು. ರಾಜಕಾರಣಿಗಳ ಮುಂದೆ ನಿಂತು ಲಾಭದ ಲೆಕ್ಕ ಒಪ್ಪಿಸಿದರು. ಶರತ್ಕಾಲದಲ್ಲಿ ಆಕ್ಸ್‌ಫರ್ಡ್ ಎಕನಾಮಿಕ್ಸ್ ಎಂಬ ಸಂಶೋಧನಾ ಸಂಸ್ಥೆಯ ವರದಿಯೊಂದು ಬಂತು: ವ್ಯವಹಾರ ಪ್ರಯಾಣಕ್ಕೆ ಹಾಕಿದ ಒಂದು ಡಾಲರಿಗೆ ಹನ್ನೆರಡೂವರೆ ಡಾಲರ್ ವರಮಾನ ಹುಟ್ಟುತ್ತದೆ ಎಂದು. ಮುಂದಿನ ವರ್ಷದ ಬಜೆಟ್ಟಿಗೆ ಅದನ್ನು ಉತ್ಸಾಹದಿಂದ ಕೊಂಡೊಯ್ದೆ. ಮುಖ್ಯಸ್ಥರು ಕನ್ನಡಕ ತೆಗೆದು, "ಹಾಗಿದ್ದರೆ ಕಾರ್ಖಾನೆ ಮುಚ್ಚಿ ಎಲ್ಲರೂ ವಿಮಾನದಲ್ಲೇ ಇದ್ದುಬಿಡೋಣವೇ?" ಎಂದರು. ಆ ವರದಿಯನ್ನು ನಾನು ಮತ್ತೆಂದೂ ಬಳಸಲಿಲ್ಲ.

ಎರಡನೇ ಹಾಳೆಯಲ್ಲಿ ಏನಿತ್ತು ಎಂದರೆ, ಒಬ್ಬ ಹೆಂಗಸು ಮತ್ತು ಅವಳ ಕಾಫಿ.

ಹಿಂದಿನ ವರ್ಷದ ಸಭೆಯಲ್ಲಿ ನೋಡಿದ್ದು. ಬೆಳಗಿನ ಐದೂವರೆಗೆ ನಾನು ಸಭಾಂಗಣದ ಹಿಂಬದಿಯ ಓಣಿಗೆ ಹೋಗುತ್ತೇನೆ. ಎಲ್ಲ ಸರಿಯಿದೆಯೇ ಎಂದು ನೋಡುವುದು ರೂಢಿ. ಅತಿಥಿಗಳು ಕಾಣದ ಓಣಿ ಅದು. ಕಾಲಡಿ ಜಮಖಾನೆ ಇಲ್ಲ, ಗೋಡೆಗೆ ಗಾಡಿಗಳು ಗುದ್ದಿದ ಕರೆ. ಅಲ್ಲಿ ಐವತ್ತು ದಾಟಿದ ಇಥಿಯೋಪಿಯಾದ ಒಬ್ಬ ಹೆಂಗಸು ಸ್ಟೀಲ್ ಪಾತ್ರೆಗಳಿಗೆ ಕಾಫಿ ತುಂಬುತ್ತಿದ್ದಳು. ಪ್ರತಿ ಪಾತ್ರೆಯ ನಲ್ಲಿಯನ್ನು ಒಮ್ಮೆ ತಿರುಗಿಸಿ, ಮೊದಲ ಅರ್ಧ ಲೋಟವನ್ನು ಬಸಿದು ಚೆಲ್ಲಿ, ನಲ್ಲಿಯ ಮೂತಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಗಾಡಿಗೆ ಏರಿಸುತ್ತಿದ್ದಳು. ಏಕೆ ಚೆಲ್ಲುತ್ತೀರಿ ಎಂದು ಕೇಳಿದೆ. ನಲ್ಲಿಯಲ್ಲಿ ನಿಂತದ್ದು ತಣ್ಣಗಿರುತ್ತದೆ, ಮೊದಲು ಬಂದವನಿಗೆ ಅದು ಸಿಗಬಾರದು ಎಂದಳು. ಅವಳಿಗೆ ಕಾಯಂ ದಿನಗಳಿಲ್ಲ. ಸಭೆ ಇದ್ದರೆ ಹೋಟೆಲಿನಿಂದ ಕರೆ ಬರುತ್ತದೆ, ಅದೂ ಸೇವಾ ಹಿರಿತನದ ಸಾಲಿನಲ್ಲಿ. ಸಭೆಗಳು ಕಡಿಮೆಯಾದರೆ ಸಾಲಿನ ಕೊನೆಯವರಿಗೆ ಕರೆಯೇ ಬರುವುದಿಲ್ಲ.

ಸಭೆಯ ಕಾಫಿಯನ್ನು ಅಲ್ಲಿ ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಾರೆ. ಆಗ ನಮಗೆ ಗ್ಯಾಲನ್ನಿಗೆ 60 ಡಾಲರಿಗೂ ಮೇಲೆ ಬಿದ್ದಿತ್ತು, ಹದಿನಾರು ಲೋಟ ಕಾಫಿಗೆ. ಬಿಲ್ಲಿನಲ್ಲಿ ಇದನ್ನು ಕಂಡವರೆಲ್ಲ ಬೆಚ್ಚುತ್ತಾರೆ, ಮಜಾ ಉಡಾಯಿಸುತ್ತಿದ್ದಾರೆ ಎನ್ನುತ್ತಾರೆ. ಆ ದರದ ಮೇಲೆ ಐದನೇ ಒಂದು ಪಾಲು ಸೇವಾಶುಲ್ಕವೆಂದು ಬೀಳುತ್ತದೆ. ಅದರಲ್ಲಿ ದೊಡ್ಡ ಭಾಗ ಬಡಿಸುವವರಿಗೆ ಹಂಚಿಹೋಗುತ್ತದೆ. ಸಂಬಳಕ್ಕಿಂತ ಅವರಿಗೆ ಅದೇ ಮುಖ್ಯ. ಕಾಫಿ ದುಬಾರಿ ಎಂದು ನಾನೂ ಹೋಟೆಲಿನವರೊಂದಿಗೆ ಜಗಳವಾಡುತ್ತೇನೆ. ಆದರೆ 'ಬೆಳಗಿನ ಕಾಫಿ ರದ್ದು' ಎಂದು ಗೀರು ಎಳೆಯುವಾಗ ಆ ಬಿಳಿ ಬಟ್ಟೆ ಕಣ್ಣ ಮುಂದೆ ಬರುತ್ತದೆ.

ಹಾಳೆಯ ಉಳಿದ ಭಾಗ ಊರಿನ ಕಥೆ. ಇದನ್ನು ಆಮೇಲೆ ಅಮ್ಮನಿಗೆ ಹೇಳಿದ ರೀತಿಯಲ್ಲೇ ಹೇಳುತ್ತೇನೆ. ದುಗ್ಗಮ್ಮನ ಜಾತ್ರೆಯಲ್ಲಿ ಎಲ್ಲರ ಕಣ್ಣೂ ದೇವಿಯ ಮೇಲೆ, ಆದರೆ ಬೆಂಡು-ಬತ್ತಾಸಿನವನು, ಬಳೆಗಾರ, ತೊಟ್ಟಿಲು ತಿರುಗಿಸುವವನು ಬದುಕುವುದು ಜನ ಎಷ್ಟು ದಿನ ಉಳಿಯುತ್ತಾರೆ ಎಂಬುದರ ಮೇಲೆ. ವೇಗಸ್‌ನವರಿಗೆ ಇದು ಬಹಳ ಹಿಂದೆಯೇ ಗೊತ್ತಾಗಿತ್ತು. ವಾರದ ನಡುವೆ ಖಾಲಿ ಬೀಳುವ ಕೊಠಡಿಗಳನ್ನು ತುಂಬಲೆಂದೇ 1959ರಲ್ಲಿ ಸಾರ್ವಜನಿಕ ಹಣದಿಂದ ಕನ್ವೆನ್ಷನ್ ಸೆಂಟರ್ ಕಟ್ಟಿದರು. 1979ರಲ್ಲಿ ಕಾಮ್‌ಡೆಕ್ಸ್ ಎಂಬ ಕಂಪ್ಯೂಟರ್ ಮೇಳ ಶುರುವಾಯಿತು. ಜೂಜುಕಟ್ಟೆಯವರಿಗೆ ಆ ಎಂಜಿನಿಯರುಗಳನ್ನು ಕಂಡರೆ ಆಗುತ್ತಿರಲಿಲ್ಲ. "ಒಂದು ಅಂಗಿ, ಇಪ್ಪತ್ತು ಡಾಲರಿನ ಒಂದು ನೋಟು ಹಿಡಿದು ಬರುತ್ತಾರೆ, ಹೋಗುವವರೆಗೆ ಎರಡನ್ನೂ ಬದಲಾಯಿಸುವುದಿಲ್ಲ" ಎಂಬ ಜೋಕು ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರನ್ನು ಕರೆದೊಯ್ದ ನನಗೆ ಅದರಲ್ಲಿ ಅತಿಶಯೋಕ್ತಿ ಏನೂ ಕಾಣಲಿಲ್ಲ. ಆದರೆ ಆ ಮೇಳ ನಡೆಸಿದ ಶೆಲ್ಡನ್ ಅಡೆಲ್ಸನ್ 1995ರಲ್ಲಿ ಅದನ್ನು ಜಪಾನಿನ ಸಾಫ್ಟ್‌ಬ್ಯಾಂಕ್ ಕಂಪನಿಗೆ ಮಾರಿ, ಹಳೆಯ ಸ್ಯಾಂಡ್ಸ್ ಹೋಟೆಲನ್ನು ಕೆಡವಿ, ಸಭೆಗಳಿಗೆ ಬರುವವರನ್ನೇ ನಂಬಿ 1999ರಲ್ಲಿ ವೆನೀಶಿಯನ್ ಹೋಟೆಲು ತೆರೆದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೋಟೆಲುಗಳ ಸಾಲಿನ ಒಟ್ಟು ವರಮಾನದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು.

ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಹೊರಗಿನವರು ಉಳಿಯುವ ಕೊಠಡಿ, ತಿನ್ನುವ ಊಟ, ಸೋಲುವ ದುಡ್ಡು ಇವುಗಳ ತೆರಿಗೆಯಿಂದಲೇ ಶಾಲೆ, ರಸ್ತೆಗೆ ದೊಡ್ಡ ಪಾಲು ಬರಬೇಕು. ಕೊಠಡಿ ತೆರಿಗೆಯಲ್ಲಿ ಒಂದು ಪಾಲು ಶಾಲಾ ಕಟ್ಟಡಗಳಿಗೆ ಹೋಗುತ್ತದೆ. 2008ರಲ್ಲಿ ಆ ಊರಿಗೆ 59 ಲಕ್ಷ ಸಮಾವೇಶ ಪ್ರತಿನಿಧಿಗಳು ಬಂದಿದ್ದರು. ವರ್ಷ ಕಳೆದ ಮೇಲೆ ನೋಡಿದರೆ 2009ರಲ್ಲಿ 45 ಲಕ್ಷ. ಕೊಠಡಿಯ ಸರಾಸರಿ ದಿನದ ದರ 119 ಡಾಲರಿನಿಂದ 93ಕ್ಕೆ ಕುಸಿಯಿತು. ಇದೆಲ್ಲ ಒಬಾಮ ಅವರ ಒಂದು ಮಾತಿನಿಂದ ಆಯಿತೆಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದವರನ್ನು ನಂಬುವುದೂ ಇಲ್ಲ. ಆರ್ಥಿಕ ಕುಸಿತವೇ ದೊಡ್ಡ ಕಾರಣ. ಆದರೆ ಹಣವಿದ್ದೂ ಹೆಸರಿಗೆ ಅಂಜಿ ಬಿಟ್ಟವರು ಎಷ್ಟು ಮಂದಿ ಎಂದು ನನಗೆ ಗೊತ್ತು. ನಾವೂ ಅವರಲ್ಲಿ ಒಬ್ಬರಾಗುವುದರಲ್ಲಿದ್ದೆವು.

ಸಭೆ ನಡೆಯಿತು, 340 ಮಂದಿಯೊಂದಿಗೆ. ಹೋಟೆಲಿನವರು ಊಟದ ಕನಿಷ್ಠ ಮೊತ್ತ ಇಳಿಸಿದರು. ಎರಡನೇ ಹಾಳೆಯನ್ನು ನಾನು ಬಿಸಾಡಲಿಲ್ಲ. ಇನ್ನೊಂದಿಷ್ಟು ತಿದ್ದಿ ನಮ್ಮ ಭಾಗದ ಸಂಸತ್ ಸದಸ್ಯರ ಕಚೇರಿಗೆ ಕಳಿಸಿದೆ. ಒಂದು ಅಚ್ಚು ಹಾಕಿದ ಧನ್ಯವಾದ ಪತ್ರ ಬಂತು.

2012ರಲ್ಲಿ ಮತ್ತೊಂದು ಸುಂಟರಗಾಳಿ. ಸರ್ಕಾರಿ ಕಟ್ಟಡ, ಖರೀದಿ ನೋಡಿಕೊಳ್ಳುವ ಜಿಎಸ್ಎ ಎಂಬ ಇಲಾಖೆ 2010ರಲ್ಲಿ ವೇಗಸ್ ಪಕ್ಕದ ಹೆಂಡರ್ಸನ್‌ನಲ್ಲಿ ಸುಮಾರು 300 ಮಂದಿಯ ಸಮ್ಮೇಳನಕ್ಕೆ 8.2 ಲಕ್ಷ ಡಾಲರ್ ಸುರಿದದ್ದು ತಪಾಸಣೆಯಲ್ಲಿ ಹೊರಬಿತ್ತು. ಜಾಗ ನೋಡುವುದು, ಸಿದ್ಧತೆ ಎಂದು ಮುಂಚೆ ಮಾಡಿದ ಎಂಟು ಪ್ರವಾಸಗಳಿಗೇ ಲಕ್ಷ ಡಾಲರ್ ಮೀರಿತ್ತು. ಇನ್ನೊಬ್ಬರ ಮನಸ್ಸನ್ನು ಓದುತ್ತೇನೆನ್ನುವ ಜಾದೂಗಾರನನ್ನು ಕರೆಸಿದ್ದರು. ಇಲಾಖೆಯ ಮುಖ್ಯಸ್ಥೆ ಮಾರ್ಥಾ ಜಾನ್ಸನ್ ರಾಜೀನಾಮೆ ಕೊಟ್ಟರು. ನಮ್ಮ ಕಸುಬಿನವರು ಕೆಲವರು, ಸಮ್ಮೇಳನಗಳ ಮೇಲಿನ ಈ ದಾಳಿಯನ್ನು ಖಂಡಿಸೋಣ ಎಂದು ಒಂದು ಪತ್ರಕ್ಕೆ ಸಹಿ ಕೇಳಿದರು. ನಾನು ಹಾಕಲಿಲ್ಲ. ಜಾಗ ನೋಡಲು ನಾನು ಒಬ್ಬಳೇ ಹೋಗುತ್ತೇನೆ, ಒಂದು ರಾತ್ರಿ ಉಳಿಯುತ್ತೇನೆ. ಎಂಟು ಸಲ ಹೋದವರನ್ನು ಸಮರ್ಥಿಸಿದರೆ ನನ್ನ ಒಂದು ಸಲದ ಮೇಲೂ ಅನುಮಾನ ಬೀಳುತ್ತದೆ.

ಸಮರ್ಥಿಸಲಾಗದ್ದು ನನ್ನ ಬಳಿಯೂ ಒಂದಿದೆ. 2011ರ ಸಭೆಯಲ್ಲಿ ನಮ್ಮ ಒಬ್ಬ ಎಳೆಯ ಮಾರಾಟಗಾರ ಒಂದೇ ರಾತ್ರಿಯಲ್ಲಿ ಒಂದು ತಿಂಗಳ ಸಂಬಳ ಸೋತ. ಬೆಳಿಗ್ಗೆ ತರಬೇತಿಗೆ ಬಂದ, ಮುಖ ಸುಣ್ಣ ಬಳಿದ ಹಾಗಿತ್ತು. ಹೋಟೆಲಿನ ಲಿಫ್ಟಿನಿಂದ ಸಭಾಂಗಣಕ್ಕೆ ಹೋಗುವ ದಾರಿ ಜೂಜಿನ ಮೇಜುಗಳ ನಡುವೆಯೇ ಹಾದುಹೋಗುತ್ತದೆ. ಹಾಗೆ ಹೋಗಲೆಂದೇ ಕಟ್ಟಿರುತ್ತಾರೆ. ಅಂದಿನಿಂದ ಹೋಟೆಲ್ ಆರಿಸುವಾಗ ಬೇರೆ ದಾರಿ ಇದೆಯೇ ಎಂದು ಮೊದಲು ನಡೆದು ನೋಡುತ್ತೇನೆ. ಆ ಹುಡುಗನ ದುಡ್ಡು ವಾಪಸ್ಸು ಬರಲಿಲ್ಲ. ಅವನಿಗೆ ಶಾಲಾ ಕಟ್ಟಡಗಳ ಕಥೆ ಹೇಳುವ ಧೈರ್ಯ ನನಗಾಗಲಿಲ್ಲ.

ಜೂಜನ್ನೇ ನಂಬಿದ ಊರಿಗೆ ಏನಾಗುತ್ತದೆ ಎಂಬುದನ್ನು ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲಿ ನೋಡಿದೆ. ಅಲ್ಲಿಗೆ ಬಸ್ಸು, ಕಾರುಗಳಲ್ಲಿ ಬಂದು ಸಂಜೆಗೆ ಮರಳುವವರೇ ಹೆಚ್ಚಿದ್ದರು. 2006ರಿಂದ ಪಕ್ಕದ ಪೆನ್ಸಿಲ್ವೇನಿಯಾದಲ್ಲೂ ಕ್ಯಾಸಿನೊಗಳು ಬಾಗಿಲು ತೆರೆದವು, ಬಸ್ಸು ಹತ್ತುವ ಅಗತ್ಯವೇ ಇಲ್ಲವಾಯಿತು. 2014ರ ಒಂದೇ ವರ್ಷದಲ್ಲಿ ಹನ್ನೆರಡರಲ್ಲಿ ನಾಲ್ಕು ಕ್ಯಾಸಿನೊಗಳು ಮುಚ್ಚಿದವು. ಅವುಗಳಲ್ಲಿ ಒಂದಾದ ರೆವೆಲ್‌ಗೆ ತೆರೆದು ಎರಡೂವರೆ ವರ್ಷವೂ ಆಗಿರಲಿಲ್ಲ, 2.4 ಶತಕೋಟಿ ಡಾಲರಿನ ಕಟ್ಟಡ. ಎಪ್ಪತ್ತು ಮಂದಿಯ ಒಂದು ತರಬೇತಿಯನ್ನು ಅಲ್ಲಿಗೆ ಒಯ್ದಿದ್ದೆ. ದರ ಅಗ್ಗ, ಜನ ಒಳ್ಳೆಯವರು, ಆದರೆ ನಮಗೆ ಬೇಕಾದ ಊರುಗಳಿಂದ ನೇರ ವಿಮಾನವಿಲ್ಲ. ಫಿಲಡೆಲ್ಫಿಯಾದಲ್ಲಿ ಇಳಿದು ಒಂದು ಗಂಟೆಗೂ ಮೇಲೆ ಬಸ್ಸು. ಮುಂದಿನ ವರ್ಷ ನಾನೂ ಹೋಗಲಿಲ್ಲ. ಊರಿನ ಮೇಲೆ ಕನಿಕರಪಟ್ಟು ಸಭೆ ಮಾಡಲು ಸಾಧ್ಯವಿಲ್ಲ ಎಂದು ಮುಖ್ಯಸ್ಥರು ಹೇಳಿದ್ದು ಅಲ್ಲಿ ನೆನಪಾಯಿತು.

ನನ್ನ ಎರಡನೇ ಹಾಳೆಗೆ ಬೇಕಾದ ಪುರಾವೆ ಕೊನೆಗೆ ಸಿಕ್ಕಿದ್ದು ಯಾರೂ ಬಯಸದ ರೀತಿಯಲ್ಲಿ. 2020ರ ಮಾರ್ಚಿನಲ್ಲಿ ನೆವಾಡಾದ ಕ್ಯಾಸಿನೊಗಳೆಲ್ಲ ಮುಚ್ಚಿದವು. ಜೂನ್ 4ರಂದು ತೆರೆದವು. ಜೂಜು ಇತ್ತು, ಸಭೆಗಳಿರಲಿಲ್ಲ. ಶನಿವಾರ ಜನವೋ ಜನ, ಮಂಗಳವಾರ ಯಾರೂ ಇಲ್ಲ. ಅಕ್ಟೋಬರಿನಲ್ಲಿ ಎನ್ಕೋರ್ ಹೋಟೆಲು ವಾರದ ನಡುವಿನ ದಿನಗಳಲ್ಲಿ ಬಾಗಿಲು ಹಾಕತೊಡಗಿತು; ನವೆಂಬರಿನಲ್ಲಿ ಮ್ಯಾಂಡಲೇ ಬೇ, ಪಾರ್ಕ್ ಎಂಜಿಎಂ ಕೂಡ ವಾರದ ನಡುವೆ ಕೊಠಡಿ ಕೊಡುವುದನ್ನು ನಿಲ್ಲಿಸಿದವು. ಸುಮಾರು 60,000 ಸದಸ್ಯರಿರುವ ಹೋಟೆಲ್ ಕೆಲಸಗಾರರ ಸಂಘ ಕಲಿನರಿ ಯೂನಿಯನ್ನಿನವರು ಊಟದ ಪೊಟ್ಟಣ ಹಂಚುತ್ತಿದ್ದರು. 2021ರ ಜೂನಿನಲ್ಲಿ ಕನ್ವೆನ್ಷನ್ ಸೆಂಟರಿನ ಹೊಸ ಪಶ್ಚಿಮ ಸಭಾಂಗಣದಲ್ಲಿ ಕಾಂಕ್ರೀಟ್ ಉದ್ಯಮದ ಮೇಳ ನಡೆದಾಗ, ಸಿಮೆಂಟಿಗೂ ನನಗೂ ಸಂಬಂಧವಿಲ್ಲದಿದ್ದರೂ ಹೋಗಿ ಒಂದು ಸುತ್ತು ಹಾಕಿ ಬಂದೆ.

ನಮ್ಮ ಸಭೆ ಮತ್ತೆ ಶುರುವಾದದ್ದು ಮರುವರ್ಷ. ಬೆಳಗಿನ ಓಣಿಯಲ್ಲಿ ಆ ಇಥಿಯೋಪಿಯಾದ ಹೆಂಗಸು ಇರಲಿಲ್ಲ. ನಿವೃತ್ತಳಾದಳು ಎಂದು ಒಬ್ಬರು, ಮಗನ ಊರಿಗೆ ಹೋದಳು ಎಂದು ಇನ್ನೊಬ್ಬರು. ಹೊಸ ಹುಡುಗಿ ಪಾತ್ರೆ ತುಂಬಿದ ಹಾಗೆಯೇ ಗಾಡಿಗೆ ಏರಿಸುತ್ತಿದ್ದಳು. ನಲ್ಲಿ ಬಸಿಯುವುದನ್ನು ನಾನೇ ತೋರಿಸಿಕೊಟ್ಟೆ.

ಹಳೆಯ ಮುಖ್ಯಸ್ಥರು ನಿವೃತ್ತರಾಗಿದ್ದಾರೆ. ಹೊಸಬರು ಚುರುಕು, ಎಲ್ಲವನ್ನೂ ವಿಡಿಯೊ ಕರೆಯಲ್ಲಿ ಮುಗಿಸಬಹುದೆಂಬ ನಂಬಿಕೆಯವರು. ಈ ವರ್ಷದ ಬಿಲ್ಲಿನಲ್ಲಿ ಕಾಫಿಯ ದರಕ್ಕೆ ಕೆಂಪು ಶಾಯಿಯ ಸುತ್ತು ಹಾಕಿ, ಪಕ್ಕದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕಳಿಸಿದ್ದಾರೆ. ಗ್ಯಾಲನ್ನಿಗೆ ಈಗ ನೂರು ಡಾಲರ್ ದಾಟಿದೆ. ಸೋಮವಾರ ಹತ್ತು ಗಂಟೆಗೆ ಬರಲು ಹೇಳಿದ್ದಾರೆ. ಮೊದಲ ಹಾಳೆ ಸಿದ್ಧವಿದೆ. ಸರ್ವಿಸ್ ವಿಭಾಗದಿಂದ ಒಂದು ಅಂಕಿ ಬರುವುದು ಬಾಕಿ.